ದೂರಯಾನದ ಗಾಡಿಯ ಎರಡನೆಯ ಬೆಲೆ

ಇಂಗ್ಲೆಂಡಿನ ಕ್ರೂ ಪಟ್ಟಣದ ಬೆಂಟ್ಲಿ ಕಾರ್ಖಾನೆಯಿಂದ 1952ರಲ್ಲಿ ಹೊರಬಿದ್ದ ‘ಆರ್ ಟೈಪ್ ಕಾಂಟಿನೆಂಟಲ್’ ಎಂಬ ಮೋಟಾರು ಗಾಡಿಗೂ, ಅದೇ ಕಾರ್ಖಾನೆಯಿಂದ 2003ರಲ್ಲಿ ಹೊರಬಿದ್ದ ‘ಕಾಂಟಿನೆಂಟಲ್ ಜಿಟಿ’ಗೂ ಉದ್ದೇಶ ಒಂದೇ: ನಾಲ್ವರನ್ನು ಅವರ ಪೆಟ್ಟಿಗೆಗಳ ಸಮೇತ ಕೂರಿಸಿಕೊಂಡು, ಬೆಳಗಿನಿಂದ ಸಂಜೆಯವರೆಗೂ ಹೆದ್ದಾರಿಯಲ್ಲಿ ಮಹಾವೇಗದಿಂದ ಸಾಗಿ, ಇಳಿಯುವಾಗ ಒಬ್ಬರಿಗೂ ಮೈಕೈ ನೋವೆನಿಸದಂತೆ ಊರು ಮುಟ್ಟಿಸುವುದು. ಹಿಂದಿನದಕ್ಕೆ ಅಂದಿನ ಕ್ರಯ ಸುಮಾರು 7000 ಪೌಂಡು. ಮೂಲಮಾದರಿಯೂ ಸೇರಿ ಒಟ್ಟು 208 ಗಾಡಿಗಳು ತಯಾರಾದವು. ಅವುಗಳಲ್ಲೊಂದು ಇಂದು ಹರಾಜಿಗೆ ಬಂದರೆ ಹಲವು ಲಕ್ಷ ಪೌಂಡುಗಳಿಗೆ ಕಡಮೆ ಬಿಕರಿಯಾಗುವುದಿಲ್ಲ. ಈಚಿನದಕ್ಕೆ ಹೊಸದರಲ್ಲಿ ತೆತ್ತ ಬೆಲೆ ಸುಮಾರು 1,10,000 ಪೌಂಡು. ಅದರ ಮೊದಲ ವರ್ಷಗಳ ಗಾಡಿಗಳು ಈಗ ಇಂಗ್ಲೆಂಡಿನ ಜಾಹೀರಾತುಗಳಲ್ಲಿ ಹದಿನೈದು ಇಪ್ಪತ್ತು ಸಾವಿರ ಪೌಂಡಿಗೆ, ಅಂದರೆ ಅಲ್ಲಿನ ಒಂದು ಸಾಧಾರಣ ಹೊಸ ಸಂಸಾರದ ಗಾಡಿಗಿಂತಲೂ ಕಡಮೆ ಹಣಕ್ಕೆ, ಕೊಳ್ಳುವವರನ್ನು ಕಾಯುತ್ತ ನಿಂತಿವೆ.

ಹಳೆಯದೇ ಒಳ್ಳೆಯ ಗಾಡಿ, ಹೊಸದು ಕೀಳು ಎಂದು ಇದರಿಂದ ತಿಳಿಯುವುದಾದರೆ ಅದು ಶುದ್ಧ ಅನ್ಯಾಯ. 1952ರ ಗಾಡಿ ಗಂಟೆಗೆ 190 ಕಿಲೋಮೀಟರಿನ ಆಸುಪಾಸು ಓಡಿದ್ದು ಆ ಕಾಲಕ್ಕೆ ಆಶ್ಚರ್ಯವೇ ಸರಿ. ಆದರೆ ಹನ್ನೆರಡು ಸಿಲಿಂಡರುಗಳ, ಆರು ಲೀಟರಿನ, ಎರಡು ಟರ್ಬೊ ಕಟ್ಟಿದ ಎಂಜಿನ್ನಿನ 2003ರ ಗಾಡಿ 318 ಕಿಲೋಮೀಟರು ಮುಟ್ಟಬಲ್ಲದು, ನಾಲ್ಕು ಚಕ್ರಗಳಿಗೂ ಬಲ ಹಂಚಿ ಮಳೆಯ ರಸ್ತೆಯಲ್ಲಿ ಸ್ಥಿರವಾಗಿ ನಿಲ್ಲಬಲ್ಲದು, ಅಪಘಾತವಾದರೆ ಒಳಗಿನವರ ಪ್ರಾಣ ಉಳಿಸುವ ಸಾಮರ್ಥ್ಯದಲ್ಲಂತೂ ಎರಡನ್ನೂ ಹೋಲಿಸತಕ್ಕದ್ದೇ ಅಲ್ಲ. ಹೀಗಿದ್ದೂ ಬೆಲೆ ಮಾತ್ರ ವಿಪರೀತ ದಿಕ್ಕಿನಲ್ಲಿ ಹೋಗಿರುವುದಕ್ಕೆ ಕಾರಣವನ್ನು ಗಾಡಿಯ ಗುಣದಲ್ಲಿ ಹುಡುಕಿದರೆ ಸಿಕ್ಕಲಾರದು. ಇದನ್ನು ನಾಳೆ ರಿಪೇರಿ ಮಾಡುವವರು ಯಾರು, ಅದಕ್ಕೆ ತಗಲುವ ವೆಚ್ಚವೆಷ್ಟು ಎಂದು ಎರಡನೆಯ ಕೊಳ್ಳುಗನ ಎದೆಯಲ್ಲಿ ಹುಟ್ಟುವ ಭಯವನ್ನೇ ಮರುಮಾರಾಟದ ಬೆಲೆ ಅಳೆಯುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ.

ದೂರಯಾನದ ಈ ಜಿಟಿ ವರ್ಗದ ಗಾಡಿಗಳ ವಂಶಾವಳಿಯನ್ನು ಬರೆಯುವವರು ಸಾಮಾನ್ಯವಾಗಿ ಇಟಲಿಯ ಟ್ಯೂರಿನ್ ನಗರದಿಂದ, ಲಾಂಚಿಯಾ ಸಂಸ್ಥೆ 1951ರಲ್ಲಿ ತಂದ ಔರೇಲಿಯಾ ಬಿ20 ಎಂಬುದರಿಂದ ಆರಂಭಿಸುತ್ತಾರೆ. ಎರಡು ಲೀಟರಿನ ಆ ಪುಟ್ಟ ಗಾಡಿ ಅದೇ ವರ್ಷ ಮಿಲ್ಲೆ ಮಿಲ್ಯಾ ಎಂಬ ರಸ್ತೆಪಂದ್ಯದಲ್ಲಿ, ತನಗಿಂತ ಎಷ್ಟೋ ಬಲಿಷ್ಠವಾದ ಫೆರಾರಿಯೊಂದರ ಹಿಂದೆ ಎರಡನೆಯದಾಗಿ ಗುರಿ ಮುಟ್ಟಿತು. ಅದನ್ನು ನಡೆಸಿಕೊಂಡೇ ಯಜಮಾನನು ಮರುದಿನ ಕಚೇರಿಗೂ ಹೋಗಬಹುದಾಗಿತ್ತು. ಪಂದ್ಯದ ಗಾಡಿಯ ವೇಗ, ಮನೆಯ ಗಾಡಿಯ ಸೌಖ್ಯ, ಇವೆರಡೂ ಒಂದೇ ಕವಚದೊಳಗೆ ಕೂಡಿದ್ದೇ ಈ ಜಾತಿಯ ಲಕ್ಷಣವಾಯಿತು. ಆಲ್ಪ್ಸ್ ಪರ್ವತವನ್ನು ದಾಟಿ ಪ್ಯಾರಿಸಿನಿಂದ ರೋಮಿಗೆ ರಾತ್ರಿಯೊಳಗೆ ಹೋಗಬೇಕೆನ್ನುವ ಸಿರಿವಂತರಿಗಾಗಿ ಹುಟ್ಟಿದ ಈ ಗಾಡಿಗಳು ವಿಮಾನಯಾನ ಸುಲಭವಾದ ಮೇಲೆ ಅವಶ್ಯಕವಾಗಿ ಉಳಿಯಲಿಲ್ಲ. ಪ್ರೀತಿಯಿಂದ ಮಾತ್ರ ಉಳಿದವು. ಅವಶ್ಯಕತೆ ಹಿಡಿದುಕೊಂಡಿರುವ ಬೆಲೆ ಜಗ್ಗದು. ಪ್ರೀತಿಯೊಂದೇ ಹಿಡಿದುಕೊಂಡಿರುವ ಬೆಲೆ ಏರುಪೇರಾಗುತ್ತಲೇ ಇರುತ್ತದೆ.

ಏರುಪೇರಿನ ಮೊದಲನೆಯ ಭಾಗ ಇಳಿತವೇ. ಷೋರೂಮಿನ ಬಾಗಿಲು ದಾಟಿದ ಕ್ಷಣದಿಂದ ಗಾಡಿಯ ಬೆಲೆ ಇಳಿಯತೊಡಗುವುದು ಎಲ್ಲ ಗಾಡಿಗಳಿಗೂ ಸಹಜವಾದ ಧರ್ಮವಾದರೂ, ಐಷಾರಾಮದ ದೂರಯಾನದ ಗಾಡಿಗಳಲ್ಲಿ ಅದು ಬಹಳ ಕಡಿದಾದದ್ದು. ಮೂರು ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅರ್ಧ ಬೆಲೆ ಕರಗಿಹೋಗುವುದು ಇವುಗಳ ಪೈಕಿ ಅಪರೂಪವೇನಲ್ಲ. ಮೊದಲನೆಯ ಯಜಮಾನನು ಕೊಂಡದ್ದು ಗಾಡಿಯನ್ನು ಮಾತ್ರವಲ್ಲ. ತಾನು ಆರಿಸಿದ ಚರ್ಮದ ಬಣ್ಣ, ತನ್ನ ಹೆಸರಿನ ಮೊದಲಕ್ಷರದ ಕಸೂತಿ, ಊರಿನಲ್ಲಿ ಎಲ್ಲರಿಗಿಂತ ಮೊದಲು ಅದನ್ನು ನಡೆಸಿದ ಸಂತೋಷ, ಇವುಗಳಿಗೂ ಅವನು ಹಣ ತೆತ್ತಿದ್ದಾನೆ. ಇವು ಯಾವುವೂ ಎರಡನೆಯವನಿಗೆ ವರ್ಗವಾಗುವುದಿಲ್ಲ. ವರ್ಗವಾಗುವುದು ಸರ್ವಿಸಿನ ಬಿಲ್ಲು ಮಾತ್ರ. ಗಾಡಿಯ ಬೆಲೆ ಮೂರನೆಯ ಒಂದು ಪಾಲಿಗೆ ಇಳಿದರೂ ಅದರ ಬ್ರೇಕಿನ ಡಿಸ್ಕಿಗೆ, ಟೈರಿಗೆ, ಗೇರುಪೆಟ್ಟಿಗೆಗೆ ಹೊಸ ಗಾಡಿಯ ಬೆಲೆಯೇ ಇರುತ್ತದೆ. ಆನೆಯನ್ನು ಅಗ್ಗಕ್ಕೆ ಕೊಂಡವನಿಗೆ ಅದರ ಮೇವೂ ಅಗ್ಗಕ್ಕೆ ಸಿಕ್ಕುವುದಿಲ್ಲವಷ್ಟೆ.

ಈ ಮೇವಿನ ಲೆಕ್ಕ ಕಾಗದದ ಮೇಲೆ ಓದಿದಾಗ ಅರ್ಥವಾಗುವುದಕ್ಕಿಂತ ಗ್ಯಾರೇಜಿನಲ್ಲಿ ನಿಂತು ನೋಡಿದಾಗ ಚೆನ್ನಾಗಿ ಅರ್ಥವಾಗುತ್ತದೆ. ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ, ಈ ವರ್ಗಕ್ಕೆ ಸೇರಿದ, ಹೆಸರು ಹೇಳಬೇಕಾಗಿಲ್ಲದ ಒಂದು ವಿದೇಶಿ ಗಾಡಿ ಲಿಫ್ಟಿನ ಮೇಲೆ ನಿಂತಿತ್ತು. ಅದರ ಎಂಜಿನ್ನನ್ನೂ ಗೇರುಪೆಟ್ಟಿಗೆಯನ್ನೂ ಒಟ್ಟಾಗಿ ಕೆಳಗಿಳಿಸಿ ಚಕ್ರವುಳ್ಳ ಕಬ್ಬಿಣದ ಮಂಚದ ಮೇಲೆ ಮಲಗಿಸಿದ್ದರು. ಖಾಲಿಯಾದ ಬಾನೆಟ್ಟಿನ ಗೂಡಿನಲ್ಲಿ ತಂತಿಗಳ ಕಟ್ಟುಗಳು ಜೋತುಬಿದ್ದಿದ್ದವು. ಪ್ರತಿಯೊಂದು ತಂತಿಗೂ ಸಂಖ್ಯೆ ಬರೆದ ಬಿಳಿಯ ಟೇಪು ಸುತ್ತಿತ್ತು. ರೋಗವೇನೆಂದು ಕೇಳಿದೆ. ಮೇಸ್ತ್ರಿ ಕಿರುಬೆರಳಿನ ಗಾತ್ರದ, ಬಿರುಕುಬಿಟ್ಟ ಒಂದು ರಬ್ಬರಿನ ಕೊಳವೆಯನ್ನು ಅಂಗೈಯಲ್ಲಿಟ್ಟು ತೋರಿಸಿದರು. “ಪೈಪಿಗೆ ಎಷ್ಟು ಮಹಾ ಆಗುತ್ತೆ ಸಾರ್? ಆದ್ರೆ ಅಲ್ಲಿಗೆ ಕೈ ಹೋಗಲ್ಲ. ಹೋಗ್ಬೇಕು ಅಂದ್ರೆ ಇಷ್ಟನ್ನೂ ಇಳಿಸ್ಬೇಕು. ಇಳಿಸಿದ ಮೇಲೆ ಪಕ್ಕದ ನಾಕು ಪೈಪೂ ಬದಲಾಯಿಸ್ದೆ ಹತ್ತಿಸೋಕೆ ಮನಸ್ಸು ಬರುತ್ತಾ ಹೇಳಿ” ಎಂದರು. ಅವರ ಮಾತಿನಲ್ಲಿ ದೂರಿರಲಿಲ್ಲ. ಇಷ್ಟು ಬಲವನ್ನು ಇಷ್ಟು ಇಕ್ಕಟ್ಟಿನಲ್ಲಿ ಅಡಗಿಸಿದ ಎಂಜಿನಿಯರನ ಬಗ್ಗೆ ಗೌರವವೇ ಇತ್ತು. ಆದರೆ ಹತ್ತು ವರ್ಷದ ಬಿಸಿಗೆ ರಬ್ಬರು ಸೀಳುವುದು ಪ್ರಕೃತಿನಿಯಮ; ಆ ನಿಯಮಕ್ಕೆ ದಿನಗಟ್ಟಲೆ ಕೂಲಿ ತೆರಬೇಕಾದಲ್ಲಿ, ಎರಡನೆಯ ಕೊಳ್ಳುಗನು ಆ ಕೂಲಿಯನ್ನು ಮೊದಲೇ ಗಾಡಿಯ ಬೆಲೆಯಿಂದ ಕಳೆದುಕೊಂಡು ಕೇಳುತ್ತಾನೆ. ಅವನ ಲೆಕ್ಕ ತಪ್ಪೆಂದು ಹೇಳುವಂತಿಲ್ಲ.

ಭಯದ ಜೊತೆಗೆ ಸಂಖ್ಯೆಯೂ ಸೇರುತ್ತದೆ. ಫೋಕ್ಸ್‌ವ್ಯಾಗನ್ ಸಂಸ್ಥೆ 1998ರಲ್ಲಿ ಬೆಂಟ್ಲಿಯನ್ನು ಕೊಂಡಾಗ ಕ್ರೂ ಕಾರ್ಖಾನೆಯಿಂದ ವರ್ಷಕ್ಕೆ ಹೊರಬರುತ್ತಿದ್ದ ಗಾಡಿಗಳು ಬಹಳ ಸ್ವಲ್ಪ. ಕಾಂಟಿನೆಂಟಲ್ ಜಿಟಿಯೂ ಅದರ ಒಡಹುಟ್ಟುಗಳೂ ಬಂದ ಮೇಲೆ, 2007ರ ಹೊತ್ತಿಗೆ, ಬೆಂಟ್ಲಿಯ ಮಾರಾಟ ವರ್ಷಕ್ಕೆ ಹತ್ತು ಸಾವಿರ ಮುಟ್ಟಿತು. ಆ ಹನ್ನೆರಡು ಸಿಲಿಂಡರಿನ ಎಂಜಿನ್ನನ್ನು 2024ರಲ್ಲಿ ನಿಲ್ಲಿಸುವಷ್ಟರಲ್ಲಿ ಕ್ರೂ ಪಟ್ಟಣದಲ್ಲಿ ಅಂಥವು ಒಂದು ಲಕ್ಷಕ್ಕೂ ಮಿಕ್ಕು ತಯಾರಾಗಿದ್ದವು. ಸಂಸ್ಥೆ ಉಳಿದದ್ದು ಈ ಗಾಡಿಯಿಂದಲೇ ಎಂಬುದನ್ನು ಮರೆಯಬಾರದು. ಆದರೆ ಪ್ರತಿಯೊಂದು ಹಳೆಯ ಗಾಡಿಗೂ ಪಕ್ಕದ ಬೀದಿಯಲ್ಲೇ ಅದರ ಅವಳಿ ಮಾರಾಟಕ್ಕೆ ನಿಂತಿರುವಾಗ ಬೆಲೆ ಬಿಗಿಹಿಡಿದು ಮಾತನಾಡುವ ಧೈರ್ಯ ಮಾರುವವನಿಗೆ ಎಲ್ಲಿಂದ ಬರಬೇಕು?

ಗುಣಕ್ಕೂ ಬೆಲೆಗೂ ಇರುವ ಈ ಅಂತರವನ್ನು ಪೋರ್ಷೆ ಸಂಸ್ಥೆಯ ಎರಡು ಗಾಡಿಗಳ ಚರಿತ್ರೆಯಷ್ಟು ಸ್ಪಷ್ಟವಾಗಿ ತೋರಿಸುವುದು ಬೇರೊಂದಿಲ್ಲ. ಹಿಂಬದಿಯಲ್ಲಿ ಎಂಜಿನ್ನಿರುವ, ಗಾಳಿಯಿಂದ ತಂಪಾಗುವ ‘911’ ಮುದಿಯಾಯಿತೆಂದು ತೀರ್ಮಾನಿಸಿದ ಸಂಸ್ಥೆಯು, ಅದರ ಸ್ಥಾನದಲ್ಲಿ ನಿಲ್ಲಲಿ ಎಂಬ ಉದ್ದೇಶದಿಂದ 1977ರಲ್ಲಿ ‘928’ನ್ನು ಜಗತ್ತಿಗೆ ತೋರಿಸಿತು. ಮುಂಬದಿಯಲ್ಲಿ ನೀರಿನಿಂದ ತಂಪಾಗುವ ಎಂಟು ಸಿಲಿಂಡರಿನ ಎಂಜಿನ್ನು, ತೂಕ ಸಮವಾಗಲೆಂದು ಹಿಂಬದಿಯಲ್ಲಿ ಗೇರುಪೆಟ್ಟಿಗೆ, ತಿರುವಿನಲ್ಲಿ ಚಾಲಕನು ಗಾಬರಿಯಾಗಿ ಕಾಲೆತ್ತಿದರೂ ಗಾಡಿ ಗಿರಕಿ ಹೊಡೆಯದಂತೆ ತಿದ್ದಿಕೊಳ್ಳುವ ಹಿಂದಿನ ಆಕ್ಸಲ್ಲು: ದೂರಯಾನದ ಗಾಡಿ ಹೇಗಿರಬೇಕೆಂದು ಕೇಳಿದವರಿಗೆ ಎಂಜಿನಿಯರುಗಳು ಕೊಟ್ಟ ಪೂರ್ಣ ಉತ್ತರ ಅದು. 1978ರಲ್ಲಿ ಅದಕ್ಕೆ ಯೂರೋಪಿನ ವರ್ಷದ ಕಾರು ಎಂಬ ಪ್ರಶಸ್ತಿಯೂ ಬಂತು. ಅಂಥ ಗೌರವ ಈ ಜಾತಿಯ ಗಾಡಿಗೆ ಬಂದದ್ದು ವಿರಳ. ಆದರೆ 1981ರಲ್ಲಿ ಸಂಸ್ಥೆಯ ಮುಖ್ಯಸ್ಥರಾಗಿ ಬಂದ ಪೀಟರ್ ಷುಟ್ಜ್, ಮುಖ್ಯ ಎಂಜಿನಿಯರ್ ಹೆಲ್ಮುಟ್ ಬಾಟ್ ಅವರ ಕೊಠಡಿಯ ಗೋಡೆಯ ಮೇಲಿದ್ದ ನಕ್ಷೆಯಲ್ಲಿ, 911ರ ಗೆರೆ ಆ ವರ್ಷಕ್ಕೇ ನಿಂತಿರುವುದನ್ನು ಕಂಡು, ಲೇಖನಿಯೊಂದನ್ನು ಎತ್ತಿಕೊಂಡು ಆ ಗೆರೆಯನ್ನು ನಕ್ಷೆಯ ಅಂಚಿನಾಚೆಗೂ, ಗೋಡೆಯ ಮೇಲಕ್ಕೂ ಎಳೆದುಬಿಟ್ಟರೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. 928 ಸುಮಾರು 61,000 ಗಾಡಿಗಳ ನಂತರ 1995ರಲ್ಲಿ ನಿಂತಿತು. 911 ಇಂದಿಗೂ ನಡೆಯುತ್ತಿದೆ.

ಸಂಸ್ಥೆಯೇ ಮುಂದುವರಿಸಿದ ಗಾಡಿಯ ಹಳೆಯ ಪ್ರತಿಗಳಿಗೆ ಬಿಡಿಭಾಗ, ಪರಿಣತ ಕೈ, ಕೇಳುವ ಜನ ಮೂರೂ ಬೆಳೆಯುತ್ತ ಹೋದವು. ನಿಂತುಹೋದ ಗಾಡಿ ದಶಕಗಳ ಕಾಲ ಅಗ್ಗದ ಸಾಲಿನಲ್ಲಿ ಬಿದ್ದಿತ್ತು. ಅಗ್ಗವಾದದ್ದರಿಂದ ಅದನ್ನು ಕೊಂಡವರು ಅದಕ್ಕೆ ತಕ್ಕ ಆರೈಕೆ ಮಾಡಲಾರದವರು. ಆರೈಕೆಯಿಲ್ಲದೆ ಅದು ಕೆಟ್ಟಿತು. ಕೆಡುವ ಗಾಡಿಯೆಂಬ ಹೆಸರು ಬಂದು ಇನ್ನಷ್ಟು ಅಗ್ಗವಾಯಿತು. ಈ ವಿಷಚಕ್ರವನ್ನು ಅನುಭವಿಸದ ದೂರಯಾನದ ಗಾಡಿಗಳು ಕಡಮೆ. ನಿಷ್ಠೆಯಿಂದ ಕಾಪಾಡಿದ 928ರ ಒಳ್ಳೆಯ ಪ್ರತಿಗಳಿಗೆ ಈಚೆಗೆ ಗೌರವದ ಬೆಲೆ ಬರತೊಡಗಿರುವುದನ್ನು ಕಂಡು ನನಗೆ ನಿಜವಾಗಿ ಹರ್ಷವಾಗುತ್ತದೆ. ಆದರೆ ಹಾಗೆ ಉಳಿದವು ಎಷ್ಟು?

ಕಣಿವೆಯ ತಳಕ್ಕೆ ಇಳಿದು ಮತ್ತೆ ಶಿಖರವೇರಿದ ಗಾಡಿಗಳಲ್ಲಿ ಫೆರಾರಿ ‘250 ಜಿಟಿಒ’ದ ಕತೆ ಎಲ್ಲರೂ ಹೇಳುವಂಥದ್ದು. ಜಿಟಿ ವರ್ಗದ ಪಂದ್ಯಗಳಿಗೆಂದು ಹುಟ್ಟಿದ ಅದನ್ನು ಸುಖಪ್ರಯಾಣದ ಗಾಡಿಯೆಂದು ಕರೆಯುವುದು ಸ್ವಲ್ಪ ಕಷ್ಟವೇ. ಆದರೂ ಆ ವಂಶದ್ದೇ. 1962ರಿಂದ 1964ರವರೆಗೆ 36 ತಯಾರಾದವು. ಅಮೆರಿಕದಲ್ಲಿ ಅದರ ಬೆಲೆ ಸುಮಾರು 18,000 ಡಾಲರು. ಪಂದ್ಯದ ಕಾಲ ಮುಗಿದ ಮೇಲೆ ಅದು ಯಾರಿಗೂ ಬೇಡವಾದ ಹಳೆಯ ಗಾಡಿ. ಅಂಥದೊಂದನ್ನು ಅದರ ಯಜಮಾನನು ಟೆಕ್ಸಸ್ ಸಂಸ್ಥಾನದ ವಿಕ್ಟೋರಿಯಾ ಪಟ್ಟಣದ ಪ್ರೌಢಶಾಲೆಗೆ, ಮೋಟಾರು ಕೆಲಸ ಕಲಿಯುವ ಹುಡುಗರ ಅಭ್ಯಾಸಕ್ಕೆಂದು ದಾನವಾಗಿ ಕೊಟ್ಟುಬಿಟ್ಟ. ಶಾಲೆಯವರು 1972ರಲ್ಲಿ ಅದನ್ನು 6500 ಡಾಲರಿಗೆ ಮಾರಿದರು. ಕೊಂಡವನು ಒಹಾಯೊ ಸಂಸ್ಥಾನದ ಒಂದು ಹೊಲದಲ್ಲಿ, ಟ್ರೇಲರಿನ ಮೇಲೆ, ಬಿಸಿಲುಮಳೆಗೆ ಒಡ್ಡಿ ವರ್ಷಗಟ್ಟಲೆ ಬಿಟ್ಟಿದ್ದ. ಅದೇ ಮಾದರಿಯ ಮತ್ತೊಂದು ಗಾಡಿ 2018ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಮಾಂಟರೆ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತು. ಆ ಶಾಲೆಯ ಅಧ್ಯಾಪಕರನ್ನು ಅವಿವೇಕಿಗಳೆಂದು ಹೇಳುವವರು 1972ರ ಕಣ್ಣಿನಿಂದ ನೋಡಲಾರದವರು. ಹತ್ತು ವರ್ಷ ಹಳೆಯದಾದ, ಬಿಡಿಭಾಗ ಸಿಕ್ಕದ, ಸದ್ದು ಮಾಡುವ ಒಂದು ಗಾಡಿಯನ್ನು ಮಾರಿ ಶಾಲೆಗೆ ಹಣ ತಂದದ್ದರಲ್ಲಿ ತಪ್ಪೇನಿದೆ?

ಈ ಕತೆಯನ್ನು ಕೇಳಿ ಹಳೆಯ ಗಾಡಿಯನ್ನು ಭೂಮಿ ಬಂಗಾರದಂತೆ ಕೊಂಡಿಡಲು ಹೊರಟವರು 1990ರ ಕುಸಿತವನ್ನು ನೆನೆಯುವುದು ಒಳ್ಳೆಯದು. 1988ರ ಆಗಸ್ಟಿನಲ್ಲಿ ಫೆರಾರಿ ಸಂಸ್ಥೆಯ ಸ್ಥಾಪಕ ಎಂಜೊ ಫೆರಾರಿ ತೀರಿಕೊಂಡರು. ಜಪಾನಿನ ಷೇರು ಪೇಟೆ ಆಗ ಉಬ್ಬುತ್ತಲೇ ಇತ್ತು. ಗಾಡಿಯನ್ನು ಕಣ್ಣಿನಿಂದಲೂ ನೋಡದೆ ಕೊಳ್ಳುವವರು ಹುಟ್ಟಿಕೊಂಡು ಬೆಲೆಗಳನ್ನು ಹಲವು ಪಟ್ಟು ಏರಿಸಿದರು. 1990ರಲ್ಲಿ ಆ ಹಣ ಬತ್ತಿದೊಡನೆ ಬೆಲೆಗಳು ಉರುಳಿದವು. ಸಾಲ ಮಾಡಿ ಕೊಂಡವರು ನೆಲಕಚ್ಚಿದರು. ನಡೆಸುವ ಆಸೆಯಿಂದ ಕೊಂಡವರ ಬಳಿ ಗಾಡಿಯಾದರೂ ಉಳಿಯಿತು. ಬ್ರಿಟನ್ನಿನ ತೆರಿಗೆಯ ಕಾನೂನು ಇಂದಿಗೂ ಖಾಸಗಿ ಮೋಟಾರು ಗಾಡಿಯನ್ನು ಸವೆದುಹೋಗುವ ಆಸ್ತಿಯೆಂದೇ ಎಣಿಸಿ, ಅದರ ಮಾರಾಟದಿಂದ ಬಂದ ಲಾಭಕ್ಕೆ ಬಂಡವಾಳ ತೆರಿಗೆ ಹಾಕುವುದಿಲ್ಲ. ನಷ್ಟವಾದರೆ ಅದಕ್ಕೆ ವಿನಾಯತಿಯೂ ಇಲ್ಲ. ಶಾಸನ ರಚಿಸಿದವರು ಗಾಡಿಯ ಸ್ವಭಾವವನ್ನು ಬಲ್ಲವರೆಂದು ನನಗೆ ತೋರುತ್ತದೆ.

ಬೆಲೆ ಉಳಿಯುವುದು ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಇಂಗ್ಲೆಂಡಿನ ನ್ಯೂಪೋರ್ಟ್ ಪ್ಯಾಗ್ನೆಲ್ ಎಂಬ ಸಣ್ಣ ಊರಿಗೆ ಹೋಗಬೇಕು. ಆಸ್ಟನ್ ಮಾರ್ಟಿನ್ ‘ಡಿಬಿ5’ 1963ರಿಂದ 1965ರವರೆಗೆ ತಯಾರಾದದ್ದು ಅಲ್ಲಿ. ಒಟ್ಟು ಸಾವಿರದ ಮೇಲೆ ಕೆಲವು ಹತ್ತು. ಬೆಲೆ ನಾಲ್ಕು ಸಾವಿರ ಪೌಂಡಿಗೆ ತುಸು ಮೇಲೆ. ಮಿಲಾನಿನ ಟೂರಿಂಗ್ ಸಂಸ್ಥೆಯ ವಿಧಾನದಂತೆ, ಬೆರಳಿಗಿಂತ ಹೆಚ್ಚು ದಪ್ಪವಿಲ್ಲದ ಉಕ್ಕಿನ ಕೊಳವೆಗಳನ್ನು ಬಾಗಿಸಿ ಬೆಸೆದು ಗಾಡಿಯ ಆಕಾರದ ಪಂಜರ ಮಾಡಿ, ಅದರ ಮೇಲೆ ಕೈಯಿಂದ ಬಡಿದ ಅಲ್ಯೂಮಿನಿಯಮ್ ತಗಡನ್ನು ಹೊದಿಸಿರುತ್ತಾರೆ. ಉಕ್ಕೂ ಅಲ್ಯೂಮಿನಿಯಮ್ಮೂ ಕೂಡುವೆಡೆಯಲ್ಲಿ ತೇವ ಸೇರಿದರೆ ಲೋಹ ಬಿಳಿಯ ಪುಡಿಯಾಗಿ ಉದುರುತ್ತದೆ. ಅಂಥಲ್ಲಿ ತಗಡು ಬಿಚ್ಚಿ, ಕೊಳವೆ ಕತ್ತರಿಸಿ, ಹೊಸದನ್ನು ಬೆಸೆದು, ಮತ್ತೆ ತಗಡು ಬಡಿದು ಕೂರಿಸಬೇಕು. ಕಷ್ಟದ ಕೆಲಸ, ದುಬಾರಿಯ ಕೆಲಸ. ಆದರೆ ಸುತ್ತಿಗೆ, ಬೆಸುಗೆ, ಕಣ್ಣಳತೆ ಬಲ್ಲ ಮನುಷ್ಯನು ಮಾಡಬಹುದಾದ ಕೆಲಸ. ಆ ಮನುಷ್ಯರನ್ನು ಸಂಸ್ಥೆ ಅದೇ ಊರಿನಲ್ಲಿ ಉಳಿಸಿಕೊಂಡಿದೆ. ಹೊಸ ಗಾಡಿಗಳ ಕಾರ್ಖಾನೆ ಗೇಡನ್ ಎಂಬ ಊರಿಗೆ ಹೋದ ಮೇಲೂ ಹಳೆಯವನ್ನು ದುರಸ್ತಿ ಮಾಡುವ ವಿಭಾಗ ಅಲ್ಲೇ ನಡೆಯುತ್ತಿದೆ. 1964ರ ‘ಗೋಲ್ಡ್‌ಫಿಂಗರ್’ ಚಿತ್ರದಿಂದ ಡಿಬಿ5ಕ್ಕೆ ಬಂದ ಕೀರ್ತಿ ಬೆಲೆಯನ್ನು ಏರಿಸಿದ್ದು ನಿಜ. 2020ರಲ್ಲಿ ಆ ಚಿತ್ರದ ಗಾಡಿಯಂಥವೇ 25ನ್ನು ಅದೇ ಊರಿನಲ್ಲಿ ಹೊಸದಾಗಿ ಕಟ್ಟಿ, ರಸ್ತೆಯ ಮೇಲೆ ನಡೆಸಲು ಅನುಮತಿಯಿಲ್ಲದಿದ್ದರೂ, ತೆರಿಗೆ ಬಿಟ್ಟು 27 ಲಕ್ಷ 50 ಸಾವಿರ ಪೌಂಡಿನಂತೆ ಮಾರಿದರು. ಆದರೆ ಕೀರ್ತಿ ಏರಿಸಿದ ಬೆಲೆಯನ್ನು ಇಳಿಯದಂತೆ ಹಿಡಿದಿರುವುದು ಆ ಕಮ್ಮಾರರ ಕೈ.

ಅದೇ ಸಂಸ್ಥೆಯ 2001ರ ‘ವ್ಯಾಂಕ್ವಿಷ್’ ಇನ್ನೊಂದು ಸಾಕ್ಷಿ. ಸ್ಟಿಯರಿಂಗಿನ ಹಿಂದಿನ ಪ್ಯಾಡಲ್ ಎಳೆದು ಗೇರು ಬದಲಿಸುವ ಅದರ ಯಂತ್ರ ಆ ಕಾಲದ ಹೊಸತನ. ಹಳತಾದಂತೆ ಅದೇ ಯಜಮಾನರ ತಲೆನೋವಾಗಿ, ಕೊನೆಗೆ ನ್ಯೂಪೋರ್ಟ್ ಪ್ಯಾಗ್ನೆಲಿನವರೇ ಅದನ್ನು ತೆಗೆದು ಕೈಯಿಂದ ಹಾಕುವ ಗೇರುಪೆಟ್ಟಿಗೆ ಕೂರಿಸಿಕೊಡತೊಡಗಿದರು. ಫೆರಾರಿ 599ರಲ್ಲಿ ಕೈಗೇರು ಇದ್ದವು 30 ಮಾತ್ರ. ಅವಕ್ಕೆ ಉಳಿದವುಗಳ ಎರಡು ಪಟ್ಟಿಗೂ ಮೀರಿದ ಬೆಲೆ. ಅಪರೂಪವೊಂದೇ ಇದಕ್ಕೆ ಕಾರಣವಾಗಿದ್ದರೆ ಜಗತ್ತಿನಲ್ಲಿ ಅಪರೂಪದ ಗಾಡಿಗಳೆಲ್ಲವೂ ದುಬಾರಿಯಾಗಬೇಕಿತ್ತು, ಹಾಗಾಗಿಲ್ಲ. ಐವತ್ತು ವರ್ಷದ ನಂತರವೂ ಬಿಚ್ಚಿ ಜೋಡಿಸಬಹುದೆಂಬ ಭರವಸೆಗೆ ಜನ ಹಣ ಕೊಡುತ್ತಿದ್ದಾರೆ.

ನಮ್ಮಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಅಂಶ ಕೂಡುತ್ತದೆ, ತೆರಿಗೆ. ಪೂರ್ಣವಾಗಿ ವಿದೇಶದಲ್ಲೇ ಜೋಡಿಸಿದ, 40,000 ಡಾಲರಿಗೆ ಮೇಲ್ಪಟ್ಟ ಗಾಡಿಯ ಮೇಲೆ ಆಮದು ಸುಂಕದ ಒಟ್ಟು ಭಾರ ಶೇ. 110, ಅದರ ಮೇಲೆ 2025ರ ಸೆಪ್ಟೆಂಬರಿನಿಂದ ಶೇ. 40 ಜಿಎಸ್‌ಟಿ, ಅದರ ಮೇಲೆ ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರುಗಳಿಗೆ ಶೇ. 18 ಜೀವಾವಧಿ ತೆರಿಗೆ. ಬಂದರಿಗೆ ನೂರು ರೂಪಾಯಿಯ ಗಾಡಿ ಬಂದರೆ ಸುಂಕ ಸೇರಿ 210, ಜಿಎಸ್‌ಟಿ ಸೇರಿ 294, ಬೆಂಗಳೂರಿನ ರಸ್ತೆಗಿಳಿಯುವಾಗ, ಮಾರುವವನ ಲಾಭವನ್ನು ಹಿಡಿಯದೆಯೂ, ಸುಮಾರು 347 ಆಗುತ್ತದೆ. ಇಲ್ಲಿನ ಹಳೆಯ ಗಾಡಿಯ ಬೆಲೆಯಲ್ಲಿ ಲೋಹಕ್ಕಿಂತ ತೆರಿಗೆಯ ಪಾಲೇ ದೊಡ್ಡದು. ತೆರಿಗೆ ಎತ್ತರವಾಗಿರುವವರೆಗೆ ಅದು ಬೆಲೆಯನ್ನು ಎತ್ತಿಹಿಡಿದಿರುತ್ತದೆ, ಇಳಿದರೆ ಗಾಡಿಯಲ್ಲಿ ಒಂದು ಗೀರೂ ಬೀಳದಿದ್ದರೂ ಬೆಲೆ ಇಳಿಯುತ್ತದೆ. 2025ರ ಜುಲೈ 24ರಂದು ಭಾರತವೂ ಬ್ರಿಟನ್ನೂ ಸಹಿ ಹಾಕಿದ ವಾಣಿಜ್ಯ ಒಪ್ಪಂದದಲ್ಲಿ ಬ್ರಿಟಿಷ್ ಗಾಡಿಗಳ ಸುಂಕವನ್ನು, ನಿಗದಿಯಾದ ಸಂಖ್ಯೆಯ ಮಿತಿಯೊಳಗೆ, ಶೇ. 10ಕ್ಕೆ ಇಳಿಸುವ ಮಾತಿದೆ. ಕ್ರೂ ಮತ್ತು ಗೇಡನ್ ಎರಡೂ ಬ್ರಿಟನ್ನಿನಲ್ಲಿರುವುದರಿಂದ, ಆ ಗಾಡಿಗಳನ್ನು ಇಲ್ಲಿ ಸೆಕೆಂಡ್ ಹ್ಯಾಂಡಾಗಿ ಕೊಳ್ಳುವವರು ಈ ವಿಷಯವನ್ನು ಗಮನಿಸದೆ ಮುಂಗಡ ಕೊಡಬಾರದು.

ಇಷ್ಟೆಲ್ಲ ತಿಳಿದ ಮೇಲೂ ಇಂಥ ಗಾಡಿಯನ್ನು ಕೊಳ್ಳಬೇಕೆನ್ನುವವರಿಗೆ ಬೇಡವೆಂದು ಹೇಳಲು ನನಗೆ ಮನಸ್ಸಿಲ್ಲ. ಶಿರಾಡಿ ಇಳಿದು ಮಂಗಳೂರಿಗೋ, ತುಮಕೂರು ದಾಟಿ ಹುಬ್ಬಳ್ಳಿಯ ಕಡೆಗೋ ಒಂದು ದಿನವಿಡೀ ಇಂಥದರಲ್ಲಿ ಕುಳಿತು ಹೋದವರಿಗೆ, ತೆತ್ತ ಹಣದ ಒಂದು ಭಾಗ ರಸ್ತೆಯಲ್ಲೇ ಮರಳಿ ಬಂದಿರುತ್ತದೆ. ಹೊಸದನ್ನು ಬಿಟ್ಟು, ಕಡಿದಾದ ಇಳಿತವನ್ನು ಮೊದಲ ಯಜಮಾನನು ಹೊತ್ತು ಮುಗಿಸಿದ ನಾಲ್ಕೈದು ವರ್ಷದ ಗಾಡಿಯನ್ನು ನೋಡಿರಿ. ಬೆಲೆಯ ಹತ್ತನೆಯ ಒಂದು ಪಾಲನ್ನಾದರೂ ಪ್ರತಿ ವರ್ಷದ ಆರೈಕೆಗೆಂದು ಬೇರೆ ತೆಗೆದಿಡಿರಿ. ಅಷ್ಟು ಸಾಧ್ಯವಿಲ್ಲವಾದರೆ ಗಾಡಿ ಎಷ್ಟೇ ಅಗ್ಗವಾಗಿರಲಿ, ಅದು ನಿಮಗೆ ದುಬಾರಿ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಗ್ಗೆ ಹೋಗಿ ನೋಡಿರಿ. ಗಾಳಿಯ ಸಸ್ಪೆನ್ಷನ್ ಸೋರುತ್ತಿದ್ದರೆ ಅದು ಒಂದು ಮೂಲೆಗೆ ಕುಸಿದು ಕೂತಿರುತ್ತದೆ. ಬಣ್ಣದ ಹೊಳಪನ್ನೂ ಚರ್ಮದ ವಾಸನೆಯನ್ನೂ ಕಡೆಗೆ ನೋಡಿದರಾಯಿತು. ಮೊದಲು ಸರ್ವಿಸ್ ಪುಸ್ತಕವನ್ನು ಕೈಗೆ ಕೊಡಿ ಎಂದು ಕೇಳಿರಿ, ಪ್ರತಿ ವರ್ಷದ ಮೊಹರೂ ಅದರ ಬಿಲ್ಲೂ ಇವೆಯೇ ಎಂದು ಪುಟ ತಿರುವಿರಿ, ನಡುವೆ ಎರಡು ವರ್ಷ ಖಾಲಿಯಿದ್ದರೆ ಏಕೆಂದು ಕೇಳಿರಿ, ತೃಪ್ತಿಕರವಾದ ಉತ್ತರ ಬಾರದಿದ್ದರೆ ನಮಸ್ಕಾರ ಹೇಳಿ ಎದ್ದು ಬನ್ನಿರಿ.